ಕಾಣದ ಸೋರಿಕೆ

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜನವರಿಯ ಸರಾಸರಿ ಉಷ್ಣತೆಯೇ ಮೈನಸ್ 9 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಶೀತಗಾಳಿ ಬೀಸಿದ ರಾತ್ರಿಗಳಲ್ಲಿ ಅದು ಮೈನಸ್ 20, 25ಕ್ಕೆ ಇಳಿಯುತ್ತದೆ. ಅದೇ ಮಿನೆಸೋಟಾ ರಾಜ್ಯದ ಟವರ್ ಎಂಬ ಊರಿನಲ್ಲಿ 1996ರ ಫೆಬ್ರುವರಿ 2ರಂದು ಮೈನಸ್ 51 ಡಿಗ್ರಿ ದಾಖಲಾಗಿತ್ತು. ಇಂಥ ಚಳಿಯಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಟ ಕಾರೊಂದು ಹೆದ್ದಾರಿಗೆ ಬಂದು ಸ್ವಲ್ಪ ಹೊತ್ತಿನಲ್ಲೇ ಟೆಂಪರೇಚರ್ ಮುಳ್ಳು ಮೇಲೇರಿ ಕೆಂಪು ಗೆರೆ ಮುಟ್ಟುತ್ತದೆ. ಎಂಜಿನ್ ಕುದಿಯುತ್ತಿದೆ, ಆದರೆ ಹೀಟರಿನಿಂದ ಬರುವುದು ತಣ್ಣನೆಯ ಗಾಳಿ. ಗಾಡಿ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರೆ ಕೂಲಂಟ್ ಡಬ್ಬಿಯ ಮಟ್ಟ ಇಳಿದುಹೋಗಿದೆ. ರಾತ್ರಿ ಕಾರು ನಿಂತಿದ್ದ ಜಾಗದಲ್ಲಿ ಮಾತ್ರ ಒಂದು ತೊಟ್ಟೂ ಬಿದ್ದಿರಲಿಲ್ಲ.

ಎಲ್ಲಿ ಹೋಯಿತು?

ಪ್ರಶ್ನೆ ಗ್ಯಾರೇಜಿನದು, ನಿಜ. ಆದರೆ ಅದರ ರಚನೆ ಬಹಳ ಹಳೆಯದು. ಇಲ್ಲಿ ಕಣ್ಣಿಗೆ ಬೀಳುವುದು ಪರಿಣಾಮ ಮಾತ್ರ. ಕಾರಣ ಲೋಹದ ಗೋಡೆಗಳ ಒಳಗೆ ಅಡಗಿದೆ. ಕಂಡದ್ದನ್ನು ಹಿಡಿದು ಕಾಣದ್ದರ ಕಡೆಗೆ ಹೋಗುವ ಹಕ್ಕು ಮನುಷ್ಯನಿಗೆ ಎಲ್ಲಿಂದ ಬಂತು, ಅದು ಎಷ್ಟು ದೂರದವರೆಗೆ ಸಲ್ಲುತ್ತದೆ ಎಂಬುದನ್ನು ಭಾರತದ ದಾರ್ಶನಿಕರು ಸಾವಿರಕ್ಕೂ ಹೆಚ್ಚು ವರ್ಷ ವಾದಿಸಿದರು. ಬೆಟ್ಟದ ಮೇಲಿನ ಹೊಗೆ, ನೆರೆ ಬಂದ ಹೊಳೆ, ಹಗಲು ಉಣ್ಣದೆಯೂ ದಪ್ಪಗಿರುವ ದೇವದತ್ತ ಅವರ ಉದಾಹರಣೆಗಳು. ಆತ್ಮ, ಪರಲೋಕ, ಈಶ್ವರ ಅವರ ಗುರಿಗಳು. ದೊಡ್ಡ ಗುರಿಗಳಿಗಾಗಿ ಕಟ್ಟಿದ ಆ ನಿಯಮಗಳು ಎಷ್ಟು ಗಟ್ಟಿ ಎಂದು ತಿಳಿಯಲು ಹಿಮದಲ್ಲಿ ಕುದಿಯುತ್ತಿರುವ ಈ ಕಾರು ಒಳ್ಳೆಯ ಒರೆಗಲ್ಲು.

ಮೊದಲು ಯಂತ್ರದ ಸಂಗತಿ. ಎಂಜಿನ್ನಿನೊಳಗೆ ಪೆಟ್ರೋಲ್ ಉರಿಯುವಾಗ ಅನಿಲದ ಉಷ್ಣತೆ 2000 ಡಿಗ್ರಿ ದಾಟುತ್ತದೆ. ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ಕೂಲಂಟ್ ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ನಡುವೆ ಬಾಗಿಲು ಕಾಯುವುದು ಥರ್ಮೋಸ್ಟಾಟ್. ಅದರೊಳಗೆ ಮೇಣದ ಗುಳಿಗೆ ಇದೆ. ಮಾದರಿಗೆ ತಕ್ಕಂತೆ 82ರಿಂದ 95 ಡಿಗ್ರಿಯ ನಡುವೆ ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ಕೂಲಂಟ್ ಎಂಜಿನ್ ಮತ್ತು ಹೀಟರಿನ ನಡುವೆಯೇ ಸುತ್ತುತ್ತದೆ. ರೇಡಿಯೇಟರಿನಲ್ಲಿರುವ ಪಾಲು ಎದುರುಗಾಳಿಗೆ ಮೈಯೊಡ್ಡಿಕೊಂಡು ನಿಂತಲ್ಲೇ ನಿಂತಿರುತ್ತದೆ.

ಆ ನಿಂತ ಪಾಲು ಹೆಪ್ಪುಗಟ್ಟಿದರೆ? ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಕೂಲಂಟಿನ ಮೂಲದ್ರವ್ಯವಾದ ಎಥಿಲೀನ್ ಗ್ಲೈಕಾಲ್ ಒಂದನ್ನೇ ತೆಗೆದುಕೊಂಡರೆ ಅದು ಮೈನಸ್ 13ರ ಹತ್ತಿರ ಗಟ್ಟಿಯಾಗುತ್ತದೆ. ಎರಡನ್ನೂ ಸಮಸಮ ಬೆರೆಸಿದರೆ ಮೈನಸ್ 37ರವರೆಗೆ ದ್ರವವಾಗಿಯೇ ಇರುತ್ತದೆ. ಎರಡರಲ್ಲಿ ಒಂದಕ್ಕೂ ಇಲ್ಲದ ಗುಣ ಬೆರಕೆಗೆ ಬಂದಿರುವುದನ್ನು ಗಮನಿಸಬೇಕು. ಬಿಡಿಬಿಡಿಯಾಗಿ ಅಮಲಿಲ್ಲದ ಪದಾರ್ಥಗಳು ಕೂಡಿ ಹುಳಿತಾಗ ಅಮಲು ಹುಟ್ಟುವಂತೆ ಜಡಭೂತಗಳು ಸೇರಿದಾಗ ಚೈತನ್ಯ ಹುಟ್ಟುತ್ತದೆ ಎಂದ ಚಾರ್ವಾಕರು ಈ ಅಂಕಿಗಳನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರು. ಹೆಪ್ಪುಗಟ್ಟುವ ಬಿಂದುವಿನಿಂದ ಚೈತನ್ಯಕ್ಕೆ ಜಿಗಿಯಲು ಇಷ್ಟು ಸಾಲದು ಎಂದು ಅವರ ಎದುರಾಳಿಗಳು ಹೇಳುತ್ತಿದ್ದರು. ಆ ಮಾತೂ ಸರಿ.

ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವ ಲಾರಿ, ಜೀಪುಗಳ ರೇಡಿಯೇಟರಿಗೆ ಹಳ್ಳದ ನೀರು ಹೊತ್ತು ತಂದು ಸುರಿದ ಕಾಲವನ್ನು ಕಂಡವರು ಕನ್ನಡನಾಡಿನಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಅಲ್ಲಿನ ಹವೆಗೆ ಅದು ನಡೆಯುತ್ತಿತ್ತು. ಆ ರೂಢಿಯನ್ನೇ ಹಿಮದ ನಾಡಿಗೆ ಒಯ್ದರೆ ಆಪತ್ತು. ಮಟ್ಟ ಇಳಿದಾಗಲೆಲ್ಲ ನಲ್ಲಿ ನೀರು ಸೇರಿಸುತ್ತ ಹೋದರೆ ಬೆರಕೆ ತೆಳ್ಳಗಾಗುತ್ತದೆ. ಗ್ಲೈಕಾಲ್ ಮೂರರಲ್ಲೊಂದು ಪಾಲಿಗೆ ಇಳಿದರೆ ಮೈನಸ್ 18ರ ಸುಮಾರಿಗೇ ಅದು ಹರಳುಗಟ್ಟತೊಡಗುತ್ತದೆ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಐಸ್ ಗಂಜಿ ತುಂಬಿಕೊಳ್ಳುತ್ತದೆ. ಥರ್ಮೋಸ್ಟಾಟ್ ತೆರೆದರೂ ಕೂಲಂಟಿಗೆ ಹೋಗಲು ದಾರಿಯಿಲ್ಲ. ಮುಂದೆ ಮಂಜುಗಡ್ಡೆ, ಹಿಂದೆ ಕುದಿ. ಒತ್ತಡ ಏರಿ, ಮುಚ್ಚಳದ ವಾಲ್ವ್ ಎದ್ದು, ಕೂಲಂಟ್ ಆವಿಯಾಗಿ ಹೊರಗೆ ಹೋಗುತ್ತದೆ. ಮಟ್ಟ ಇಳಿಯಿತೆಂದು ಮಾಲೀಕ ಮತ್ತೆ ನೀರು ಹಾಕುತ್ತಾನೆ. ಮದ್ದೆಂದು ಕೊಟ್ಟದ್ದೇ ರೋಗವನ್ನು ಬೆಳೆಸುತ್ತ ಹೋಗುತ್ತದೆ.

ಹಾಗಾದರೆ ಕಾರಣ ಸಿಕ್ಕಿತಲ್ಲ ಎನ್ನಬಹುದು. ಇಲ್ಲ. ಸಿಕ್ಕಿದ್ದು ಆಗಬಹುದಾದ ಒಂದು ಕಾರಣ. ಥರ್ಮೋಸ್ಟಾಟ್ ಮುಚ್ಚಿದಲ್ಲೇ ಸಿಕ್ಕಿಕೊಂಡರೂ ಎಂಜಿನ್ ಕಾಯುತ್ತದೆ. ವಾಟರ್ ಪಂಪಿನ ರೆಕ್ಕೆಚಕ್ರ ಸವೆದರೆ, ಮುರಿದರೆ ಕಾಯುತ್ತದೆ. ಒಳಗೆ ಏರ್ ಲಾಕ್ ಆದರೂ ಅಷ್ಟೇ. ಎಲ್ಲಕ್ಕಿಂತ ದುಬಾರಿಯದು ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಗುವುದು. ಒಂದೇ ಪರಿಣಾಮಕ್ಕೆ ಇಷ್ಟು ಕಾರಣಗಳಿದ್ದರೆ ಪರಿಣಾಮದಿಂದ ಕಾರಣವನ್ನು ಊಹಿಸುವುದಕ್ಕೆ ಏನು ಆಧಾರ?

ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರ ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದನ್ನು, ಮೂರು ಬಗೆ ಎನ್ನುತ್ತದೆ. ಅವುಗಳಲ್ಲಿ ಎರಡನೆಯದು ಶೇಷವತ್. ಭಾಷ್ಯಕಾರ ವಾತ್ಸ್ಯಾಯನ ಅದಕ್ಕೆ ಎರಡು ಅರ್ಥ ಕೊಡುತ್ತಾನೆ. ಒಂದು, ಕಾರ್ಯದಿಂದ ಕಾರಣವನ್ನು ತಿಳಿಯುವುದು: ಹೊಳೆ ತುಂಬಿ ಬಂದದ್ದನ್ನು ಕಂಡು ಮೇಲೆಲ್ಲೋ ಮಳೆಯಾಗಿದೆ ಎನ್ನುವುದು. ಇನ್ನೊಂದು, ಸಾಧ್ಯವಿರುವುದನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿ ಉಳಿದದ್ದನ್ನು ಹಿಡಿಯುವುದು. ಮೆಕ್ಯಾನಿಕ್‌ನ ಕೆಲಸ ಈ ಎರಡೂ ಸೇರಿದ್ದು. ಮೊದಲನೆಯದು ಅವನಿಗೆ ಸಂಶಯಿತರ ಪಟ್ಟಿ ಕೊಡುತ್ತದೆ, ಎರಡನೆಯದು ಆ ಪಟ್ಟಿಯನ್ನು ಕಿರಿದು ಮಾಡುತ್ತದೆ.

ನ್ಯಾಯಸೂತ್ರದ ದೊಡ್ಡತನ ಇರುವುದು ಆಕ್ಷೇಪವನ್ನೂ ತಾನೇ ಎತ್ತುವುದರಲ್ಲಿ. ಹೊಳೆ ತುಂಬಲು ಮಳೆಯೇ ಬೇಕೆ, ಕೆಳಗೆ ಯಾರೋ ಒಡ್ಡು ಕಟ್ಟಿದರೂ ತುಂಬುತ್ತದಲ್ಲ? ಇರುವೆಗಳು ಮೊಟ್ಟೆ ಹೊತ್ತು ಹೊರಟದ್ದು ಮಳೆಯ ಸೂಚನೆಯೇ ಆಗಬೇಕೆ, ಗೂಡು ಕೆಡಿಸಿದರೂ ಹೊರಡುತ್ತವಲ್ಲ? ನವಿಲಿನ ಕೂಗನ್ನು ಮನುಷ್ಯನೂ ಅನುಕರಿಸಬಹುದಲ್ಲ? ಹೀಗೆ ತಪ್ಪಿಹೋಗುವ ಅನುಮಾನ ಪ್ರಮಾಣ, ಅಂದರೆ ತಿಳಿವಿನ ಸಾಧನ, ಹೇಗಾದೀತು? ಉತ್ತರ ನೇರವಾಗಿದೆ: ತಪ್ಪಿದ್ದು ಅನುಮಾನವಲ್ಲ, ಗುರುತನ್ನು ಸರಿಯಾಗಿ ನೋಡದವನು. ಬರೀ ತುಂಬಿದ ಹೊಳೆ ಹೇತು, ಅಂದರೆ ಅನುಮಾನಕ್ಕೆ ಆಧಾರವಾದ ಗುರುತು, ಆಗದು. ಸೆಳವು ಹೆಚ್ಚಿ, ನೊರೆ ಎದ್ದು, ಹಣ್ಣು, ಎಲೆ, ಮರದ ತುಂಡುಗಳನ್ನು ಹೊತ್ತು ಬಂದ ಹೊಳೆಯಿಂದ ಮಳೆಯನ್ನು ಊಹಿಸಬಹುದು. ಒಡ್ಡಿನಿಂದ ನಿಂತ ನೀರು ಹಾಗೆ ಬರುವುದಿಲ್ಲ.

ಸೈಲೆನ್ಸರಿನ ಬಿಳಿ ಹೊಗೆಗೆ ಈ ಉತ್ತರವನ್ನು ಹಚ್ಚಿ ನೋಡಬೇಕು. ಹೆಡ್ ಗ್ಯಾಸ್ಕೆಟ್ ಸೀಳಿ ಕೂಲಂಟ್ ಸಿಲಿಂಡರಿಗೆ ಇಳಿದರೆ ಅದು ಆವಿಯಾಗಿ ಬಿಳಿ ಹೊಗೆಯ ರೂಪದಲ್ಲಿ ಹಿಂದಿನಿಂದ ಬರುತ್ತದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ದಟ್ಟ ಬಿಳಿ ಹೊಗೆ ಕಂಡರೆ ಅದು ತಕ್ಕಮಟ್ಟಿಗೆ ಒಳ್ಳೆಯ ಹೇತು. ಮಿನಿಯಾಪೊಲಿಸ್‌ನ ಜನವರಿಯಲ್ಲಿ? ಅಲ್ಲಿ ಆರೋಗ್ಯವಾಗಿರುವ ಪ್ರತಿ ಕಾರೂ ಬಿಳಿ ಮೋಡ ಬಿಡುತ್ತಲೇ ಹೋಗುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ಚಳಿಗೆ ಸಾಂದ್ರವಾಗಿ ಕಾಣುತ್ತದೆ, ಅಷ್ಟೇ. ರೋಗವಿದ್ದಲ್ಲೂ ಇದೆ, ಇಲ್ಲದಲ್ಲೂ ಇದೆ. ಇಂಥ ಹೇತುವನ್ನು ನೈಯಾಯಿಕರು ಸವ್ಯಭಿಚಾರ ಎಂದು ಕರೆದು ಪಕ್ಕಕ್ಕಿಡುತ್ತಾರೆ. ಬೌದ್ಧ ತಾರ್ಕಿಕ ಧರ್ಮಕೀರ್ತಿ ನ್ಯಾಯಬಿಂದುವಿನಲ್ಲಿ ಇನ್ನೂ ಒಂದು ಹೆಜ್ಜೆ ಹಿಂದೆ ಹೋಗುತ್ತಾನೆ. ಎದುರಿಗೆ ಕಾಣುವುದು ಹೊಗೆಯೋ ಬರೀ ಆವಿಯೋ ಎಂಬ ಸಂದೇಹ ಇರುವಾಗಲೇ ಅದರಿಂದ ಬೆಂಕಿಯನ್ನು ಸಾಧಿಸಹೊರಟರೆ ಆ ಹೇತು ಇನ್ನೂ ಸಿದ್ಧವೇ ಆಗಿಲ್ಲ ಎನ್ನುವುದು ಅವನ ನಿಲುವು. ಏಳನೆಯ ಶತಮಾನದ ಆ ಎಚ್ಚರ ಇಂದಿನ ಚಳಿನಾಡಿನ ಗ್ಯಾರೇಜಿಗೆ ಅಕ್ಷರಶಃ ಹೊಂದುತ್ತದೆ.

ಎಣ್ಣೆಯ ಮುಚ್ಚಳದಡಿ ಕಾಣುವ ಹಾಲುಬಣ್ಣದ ಜಿಡ್ಡಿನದೂ ಇದೇ ಕತೆ. ಕೂಲಂಟ್ ಎಣ್ಣೆಗೆ ಬೆರೆತರೆ ಅದು ಕಾಣಿಸುತ್ತದೆ. ಚಳಿಯಲ್ಲಿ ದಿನಾ ನಾಲ್ಕು ಕಿಲೋಮೀಟರ್ ಮಾತ್ರ ಓಡಿ, ಪೂರ್ತಿ ಬಿಸಿಯಾಗದೆ ನಿಲ್ಲುವ ಎಂಜಿನ್ನಿನಲ್ಲೂ ತೇವ ಸಾಂದ್ರವಾಗಿ ಅದೇ ಜಿಡ್ಡು ಕೂರುತ್ತದೆ. ಆದ್ದರಿಂದ ನೊರೆ, ಎಲೆ, ಮರದ ತುಂಡುಗಳನ್ನು ಹುಡುಕಬೇಕು. ಎಂಜಿನ್ ಚೆನ್ನಾಗಿ ಕಾದ ಮೇಲೂ ಹೊಗೆ ಕರಗದೆ ತೂಗುತ್ತಿದೆಯೇ? ಸಿಹಿ ವಾಸನೆ ಇದೆಯೇ? ಜಿಡ್ಡು ಮುಚ್ಚಳದಲ್ಲಷ್ಟೇ ಇದೆಯೋ, ಅಳತೆ ಕಡ್ಡಿಯಲ್ಲೂ ಇದೆಯೋ? ವಿಶೇಷ ಗುರುತು ಸಿಕ್ಕಿದ ಮೇಲೆ ಅನುಮಾನಕ್ಕೆ ಬಲ ಬರುತ್ತದೆ.

ಈಗ ಆ ತೊಟ್ಟೂ ಬೀಳದ ನೆಲ. ಮೀಮಾಂಸಕರು ಅರ್ಥಾಪತ್ತಿ ಎಂಬ ಪ್ರತ್ಯೇಕ ಪ್ರಮಾಣವನ್ನು ಒಪ್ಪುತ್ತಾರೆ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಎರಡೂ ನಿಜವಾಗಬೇಕಾದರೆ ಅವನು ರಾತ್ರಿ ಉಣ್ಣುತ್ತಿರಬೇಕು. ಕಾರಿನ ಮಾಲೀಕನ ತರ್ಕವೂ ಅದೇ: ಕೂಲಂಟ್ ಕಡಿಮೆಯಾಗುತ್ತಿದೆ, ಹೊರಗೆ ಬೀಳುತ್ತಿಲ್ಲ, ಆದ್ದರಿಂದ ಎಂಜಿನ್ನೇ ಒಳಗೆ ಕುಡಿಯುತ್ತಿದೆ. ಗ್ಯಾಸ್ಕೆಟ್ ಹೋಗಿದೆ. ಬಹಳ ಕಡೆ ಈ ಒಂದು ವಾಕ್ಯದ ಬಲದ ಮೇಲೆ ಹೆಡ್ ಬಿಚ್ಚುತ್ತಾರೆ, ದೊಡ್ಡ ಬಿಲ್ ಆಗುತ್ತದೆ.

ದೇವದತ್ತನ ವಿಷಯದಲ್ಲಿ ಅರ್ಥಾಪತ್ತಿ ಗಟ್ಟಿಯಾಗಿರುವುದಕ್ಕೆ ಕಾರಣ ಹಗಲು, ರಾತ್ರಿ ಬಿಟ್ಟು ಮೂರನೆಯ ಹೊತ್ತು ಇಲ್ಲದಿರುವುದು. ಕಾರಿನಲ್ಲಿ ಹಾಗಿಲ್ಲ. ಬೇರೆ ರೀತಿಯಲ್ಲೂ ವಿವರಿಸಬಹುದಾದರೆ ಅರ್ಥಾಪತ್ತಿ ನಿಲ್ಲುವುದಿಲ್ಲ ಎಂಬುದನ್ನು ಮೀಮಾಂಸಕರೂ ಒಪ್ಪಿದವರೇ. ಇಲ್ಲಿ ಆ ‘ಬೇರೆ ರೀತಿ’ಗಳು ಹಲವು. ಕುದಿ ಬಂದಾಗ ಮುಚ್ಚಳದಿಂದ ಆವಿಯಾಗಿ ಹೋಗಿರಬಹುದು. ಡ್ಯಾಶ್‌ಬೋರ್ಡಿನ ಒಳಗಿರುವ ಹೀಟರ್ ಕೋರ್ ಸೋರಿ, ಮುಂದಿನ ಸೀಟಿನ ಕಾಲಡಿಯ ಚಾಪೆ ತೇವವಾಗಿ, ಗಾಜಿನ ಒಳಮೈಗೆ ಜಿಡ್ಡಿನ ಮಂಜು ಹಿಡಿದಿರಬಹುದು. ಇನ್ನು ಚಳಿಯದೇ ವಿಶೇಷವಾದ ಸೋರಿಕೆ ಒಂದುಂಟು. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ, ಚಳಿಗೆ ಅಷ್ಟೇ ಕುಗ್ಗುತ್ತದೆ. ಬೇರೆ ಬೇರೆ ಪದಾರ್ಥಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿದಾಗ ಹೋಸ್ ಪೈಪಿನ ಕ್ಲಿಪ್ಪುಗಳು ಸಡಿಲಗೊಳ್ಳುತ್ತವೆ, ರಬ್ಬರ್ ಉಂಗುರಗಳು ಬಿರುಸಾಗುತ್ತವೆ. ಎಂಜಿನ್ ತಣ್ಣಗಿದ್ದಾಗ ಜಿನುಗುವ ಸಂದು ಬಿಸಿಯಾದೊಡನೆ ಬಿಗಿಯುತ್ತದೆ. ಮೆಕ್ಯಾನಿಕ್ ನೋಡುವ ಹೊತ್ತಿಗೆ ಅದು ಒಣಗಿರುತ್ತದೆ.

‘ನೆಲದಲ್ಲಿ ತೊಟ್ಟಿಲ್ಲ’ ಎಂಬ ಮಾತನ್ನೇ ಇನ್ನಷ್ಟು ತಿಕ್ಕಿ ನೋಡಬೇಕು. ಕಾಣದಿರುವುದೂ ಒಂದು ಪ್ರಮಾಣ ಎಂದು ಕುಮಾರಿಲಭಟ್ಟರ ಪರಂಪರೆ ಮತ್ತು ಅದ್ವೈತಿಗಳು ಹೇಳುತ್ತಾರೆ. ಅದರ ಹೆಸರು ಅನುಪಲಬ್ಧಿ. ಬೆಳಕಿರುವ ಕೋಣೆಯ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುತ್ತದೆ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ತಿಳಿಯುವುದಿಲ್ಲ. ಹಾಗಾಗಿ ಅವರು ಷರತ್ತು ಹಾಕಿದರು: ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಅದನ್ನೇ ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ಭಾರತೀಯ ಜ್ಞಾನಮೀಮಾಂಸೆ ಜಗತ್ತಿಗೆ ಕೊಟ್ಟ ಅತ್ಯಂತ ಬೆಲೆಬಾಳುವ ನಿಯಮಗಳಲ್ಲಿ ಇದೊಂದು ಎಂದರೆ ಉತ್ಪ್ರೇಕ್ಷೆಯಲ್ಲ.

ಈಗಿನ ಎಷ್ಟೋ ಕಾರುಗಳ ಎಂಜಿನ್ ಅಡಿಗೆ ಅಗಲವಾದ ಪ್ಲಾಸ್ಟಿಕ್ ತಟ್ಟೆ ಬಿಗಿದಿರುತ್ತಾರೆ. ಜಿನುಗಿದ ಕೂಲಂಟ್ ಅದರಲ್ಲೇ ನಿಲ್ಲುತ್ತದೆ, ನೆಲ ಮುಟ್ಟುವುದಿಲ್ಲ. ಕಾದ ಲೋಹದ ಮೇಲೆ ಬಿದ್ದ ಸಣ್ಣ ಹನಿ ಆರಿಹೋಗಿ ಬಿಳಿ ಇಲ್ಲವೇ ಹಸಿರು ಬಣ್ಣದ ಪುಡಿ ಮಾತ್ರ ಉಳಿಯುತ್ತದೆ. ಓಡುವಾಗ ಸೋರಿದ್ದು ಹೆದ್ದಾರಿಯ ಉಪ್ಪುನೀರಿನೊಂದಿಗೆ ಹೋಗಿರುತ್ತದೆ. ಅಂದರೆ ನೆಲದ ಮೇಲೆ ತೊಟ್ಟು ಕಾಣದಿರುವುದು ಇಲ್ಲಿ ಯೋಗ್ಯಾನುಪಲಬ್ಧಿ ಆಗುವುದೇ ಇಲ್ಲ. ಅದು ಕತ್ತಲೆಯಲ್ಲಿ ಗಡಿಗೆ ಕಾಣದಿದ್ದಂತೆ. ತಟ್ಟೆ ಬಿಚ್ಚಿ, ಕೂಲಂಟಿಗೆ ಬೆಳಗುವ ಬಣ್ಣ ಬೆರೆಸಿ, ನೇರಳಾತೀತ ದೀಪ ಹಿಡಿದು ಸಂದುಸಂದು ನೋಡಿದ ಮೇಲೂ ಕಾಣದಿದ್ದರೆ ಆಗ ‘ಹೊರಗೆ ಸೋರಿಕೆ ಇಲ್ಲ’ ಎನ್ನುವ ಹಕ್ಕು ಹುಟ್ಟುತ್ತದೆ. ಅರ್ಥಾಪತ್ತಿ ಕೆಲಸ ಶುರು ಮಾಡಬೇಕಾದ್ದು ಅಲ್ಲಿಂದ.

ಇನ್ನೊಂದು ಗಂಟು ಉಳಿಯಿತು. ಕೂಲಂಟ್ ಹೋದದ್ದರಿಂದ ಎಂಜಿನ್ ಕಾಯಿತೋ, ಎಂಜಿನ್ ಕಾದದ್ದರಿಂದ ಕೂಲಂಟ್ ಹೋಯಿತೋ? ಎರಡೂ ಸಾಧ್ಯ, ಒಂದು ಇನ್ನೊಂದನ್ನು ಹುಟ್ಟಿಸುತ್ತ ಸುತ್ತುತ್ತದೆ. ತರ್ಕದಲ್ಲಿ ಅನ್ಯೋನ್ಯಾಶ್ರಯ ದೋಷವೆನ್ನುವ ಸ್ಥಿತಿಯನ್ನು ಹೋಲುವ ಈ ಸುತ್ತನ್ನು ಎಲ್ಲಾದರೂ ಕತ್ತರಿಸಬೇಕು. ದಾರಿ ಸರಳ: ಎರಡರಲ್ಲಿ ಒಂದನ್ನು ಇಲ್ಲವಾಗಿಸಿ ಇನ್ನೊಂದು ಉಳಿಯುತ್ತದೆಯೇ ನೋಡುವುದು. ರಾತ್ರಿಯೆಲ್ಲ ತಣ್ಣಗೆ ನಿಂತ ಎಂಜಿನ್ನಿಗೆ ಕೈಪಂಪು ಜೋಡಿಸಿ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ, ಸಾಮಾನ್ಯವಾಗಿ 15 ಪಿಎಸ್‌ಐ ಸುಮಾರು, ಏರಿಸಿ ಬಿಟ್ಟು ಕಾಯುತ್ತಾರೆ. ಇಲ್ಲಿ ಶಾಖವೇ ಇಲ್ಲ. ಆದರೂ ಮುಳ್ಳು ಇಳಿದರೆ ಸೋರಿಕೆ ಶಾಖಕ್ಕಿಂತ ಮೊದಲಿನದು. ಒತ್ತಡ ಕದಲದೆ ನಿಂತರೆ ಸಂಶಯ ಮಂಜುಗಡ್ಡೆ, ಥರ್ಮೋಸ್ಟಾಟ್, ಪಂಪುಗಳ ಕಡೆಗೆ ತಿರುಗುತ್ತದೆ. ಮುಚ್ಚಳವನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಸಮಪಾಲು ಬೆರಕೆ ಬಯಲಿನಲ್ಲಿ 106 ಡಿಗ್ರಿಗೆ ಕುದಿದರೆ ಒಳ್ಳೆಯ ಮುಚ್ಚಳದ ಒತ್ತಡದಲ್ಲಿ 129ರವರೆಗೆ ತಡೆಯುತ್ತದೆ. ಸ್ಪ್ರಿಂಗ್ ಸೋತ ಮುಚ್ಚಳವೊಂದೇ ಈ ಎಲ್ಲ ಗಲಾಟೆಗೆ ಸಾಕು.

ಒಂದಿದ್ದಾಗ ಇನ್ನೊಂದೂ ಇದೆಯೇ, ಇಲ್ಲದಾಗ ಅದೂ ಇಲ್ಲವೇ ಎಂದು ನೋಡುವ ಅನ್ವಯ, ವ್ಯತಿರೇಕಗಳೂ ಇಲ್ಲಿ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಕಾದು, ಓಡುವಾಗ ಇಳಿದರೆ ಫ್ಯಾನಿನ ಮೇಲೆ ಸಂಶಯ. ಮೈನಸ್ 20ರ ಗಾಳಿ ಎದುರಿಗೆ ಬಡಿಯುತ್ತಿರುವ ಹೆದ್ದಾರಿಯಲ್ಲೇ ಕಾದರೆ ಫ್ಯಾನ್ ನಿರ್ದೋಷಿ, ದ್ರವ ಸುತ್ತುತ್ತಿಲ್ಲ ಎಂದರ್ಥ. ಎಂಜಿನ್ ಕುದಿಯುತ್ತಿದ್ದು ಹೀಟರ್ ತಣ್ಣಗಿದ್ದರೆ ಬಿಸಿ ದ್ರವ ಹೀಟರನ್ನು ಮುಟ್ಟುತ್ತಿಲ್ಲ: ಮಟ್ಟ ಇಳಿದಿದೆ, ಗಾಳಿ ತುಂಬಿದೆ, ಇಲ್ಲವೇ ಪಂಪು ತಳ್ಳುತ್ತಿಲ್ಲ. ಹೀಟರ್ ಬಿಸಿಯಾಗಿದ್ದು ರೇಡಿಯೇಟರಿನ ಕೆಳಗಿನ ಹೋಸ್ ತಣ್ಣಗೆ ಕೊರೆಯುತ್ತಿದ್ದರೆ ಥರ್ಮೋಸ್ಟಾಟ್ ಮುಚ್ಚಿದೆ, ಇಲ್ಲವೇ ಮುಂದೆ ಮಂಜುಗಡ್ಡೆ ಕೂತಿದೆ.

ಡ್ಯಾಶ್‌ಬೋರ್ಡಿನ ಮುಳ್ಳನ್ನಾದರೂ ನಂಬಬಹುದೇ? ಅನೇಕ ಕಾರುಗಳಲ್ಲಿ ಉಷ್ಣತೆ ಒಂದಷ್ಟು ಏರಿಳಿದರೂ ಮುಳ್ಳು ನಡುಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಕೂಲಂಟ್ ಮಟ್ಟ ಸೆನ್ಸರಿಗಿಂತ ಕೆಳಗಿಳಿದರೆ ಅದು ದ್ರವವನ್ನು ಬಿಟ್ಟು ಆವಿಯನ್ನೋ ಗಾಳಿಯನ್ನೋ ಅಳೆಯುತ್ತದೆ. ಎಂಜಿನ್ ಸಾಯುತ್ತಿರುವಾಗಲೂ ಮುಳ್ಳು ತಣ್ಣಗಿರಬಹುದು. ತಿಳಿವು ಹುಟ್ಟಿದೊಡನೆ ಸತ್ಯವೆಂದೇ ತೋರುತ್ತದೆ, ಬಾಧಕ ಬರುವವರೆಗೆ ಅದನ್ನು ನಂಬಬೇಕು ಎಂದವರು ಮೀಮಾಂಸಕರು. ಇಲ್ಲ, ಅದರ ಸತ್ಯತೆ ಬೇರೆ ಆಧಾರದಿಂದ, ಅದನ್ನು ನಂಬಿ ಮಾಡಿದ ಕೆಲಸ ಫಲಿಸುವುದರಿಂದ ತಿಳಿಯಬೇಕು ಎಂದವರು ನೈಯಾಯಿಕರು. ವಿಜಯನಗರದ ಕಾಲದಲ್ಲಿ ತರ್ಕತಾಂಡವ ಬರೆದು ನೈಯಾಯಿಕರನ್ನು ಎದುರಿಸಿದ ವ್ಯಾಸತೀರ್ಥರ ದ್ವೈತ ಪರಂಪರೆ ಮೂರನೆಯ ದಾರಿ ಹಿಡಿಯಿತು. ಸತ್ಯತೆಯನ್ನು ಹಿಡಿಯುವುದು ಒಳಗಿನ ಸಾಕ್ಷಿಯೇ. ಸಂದೇಹ ಅಡ್ಡ ಬಂದಾಗ ಪರೀಕ್ಷೆ ಆ ಅಡ್ಡಿಯನ್ನು ಸರಿಸುತ್ತದೆ. ದಿನವೂ ಕಾರು ಓಡಿಸುವವರ ಅನುಭವಕ್ಕೆ ಈ ಮೂರನೆಯದೇ ಹೆಚ್ಚು ಹತ್ತಿರ. ಪ್ರತಿ ನಿಮಿಷ ಮುಳ್ಳನ್ನು ಶಂಕಿಸುತ್ತ ಯಾರೂ ಗಾಡಿ ಓಡಿಸಲಾರರು. ಹೀಟರ್ ತಣ್ಣಗಾಯಿತೆಂಬ ಅಡ್ಡಿ ಎದ್ದ ಕ್ಷಣ ಮಾತ್ರ ಮುಳ್ಳು ಹೇಳಿದ್ದನ್ನು ಪರೀಕ್ಷೆಗೆ ಒಡ್ಡಲೇಬೇಕು.

ಸಂದೇಹ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಮಿಥಿಲೆಯ ಉದಯನಾಚಾರ್ಯ ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಒಂದು ಗಡಿ ಹಾಕಿದ. ಹೊಗೆಗೆ ಬೆಂಕಿಯೇ ಕಾರಣವೋ ಅಲ್ಲವೋ ಎನ್ನುತ್ತಲೇ ಹೊಗೆ ಬೇಕಾದಾಗ ಬೆಂಕಿ ಹೊತ್ತಿಸುವವನು ತನ್ನ ನಡೆಯಿಂದಲೇ ತನ್ನ ಸಂದೇಹವನ್ನು ಅಲ್ಲಗಳೆಯುತ್ತಾನೆ. ನಡೆಗೆ ವಿರೋಧ ಬರುವಲ್ಲಿ ಸಂದೇಹ ಮುಗಿಯುತ್ತದೆ. ಮುಂದೆ ಅದ್ವೈತಿ ಶ್ರೀಹರ್ಷ ಇದನ್ನು ಖಂಡಿಸಿದ, ನೈಯಾಯಿಕ ಗಂಗೇಶ ಮತ್ತೆ ಎತ್ತಿ ನಿಲ್ಲಿಸಿದ. ಆ ವಾದ ದೀರ್ಘ. ಗ್ಯಾರೇಜಿನಲ್ಲಿ ಆ ಗಡಿಗೆ ಒಂದು ಬಣ್ಣವಿದೆ. ಕೂಲಂಟ್ ಬಾಯಿಗೆ ಗಾಜಿನ ಕೊಳವೆ ಇಟ್ಟು, ಮೇಲೇಳುವ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಸಿಲಿಂಡರಿನ ಅನಿಲ ಕೂಲಂಟಿಗೆ ನುಗ್ಗುತ್ತಿದ್ದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ತಾಗಿ ನೀಲಿ ಹಳದಿಯಾಗುತ್ತದೆ. ಆ ಅನಿಲ ಅಲ್ಲಿಗೆ ಬರಲು ಗ್ಯಾಸ್ಕೆಟ್ ಸೀಳಿರಬೇಕು, ಇಲ್ಲವೇ ಹೆಡ್ಡೋ ಬ್ಲಾಕೋ ಬಿರುಕು ಬಿಟ್ಟಿರಬೇಕು. ಹಳದಿ ಕಂಡ ಮೇಲೆ ಹೆಡ್ ಬಿಚ್ಚಲು ಹಿಂಜರಿಯಬೇಕಿಲ್ಲ.

ಇದೇ ಉದಯನ ನ್ಯಾಯಕುಸುಮಾಂಜಲಿಯಲ್ಲಿ ಇದೇ ಉಪಕರಣಗಳನ್ನು ಹಿಡಿದು ಈಶ್ವರನನ್ನು ಸಾಧಿಸಹೊರಟ. ಗಡಿಗೆ ಕಾರ್ಯ, ಅದಕ್ಕೆ ಕರ್ತ ಇದ್ದಾನೆ. ಭೂಮಿಯೂ ಕಾರ್ಯ, ಅದಕ್ಕೂ ಕರ್ತ ಇರಬೇಕು. ಈಶ್ವರ ಕಾಣುವುದಿಲ್ಲವಲ್ಲ ಎಂದವರಿಗೆ ಯೋಗ್ಯಾನುಪಲಬ್ಧಿಯ ನಿಯಮವನ್ನೇ ತೋರಿಸಿದ: ಕಣ್ಣಿಗೆ ಬೀಳಲು ಯೋಗ್ಯವೇ ಅಲ್ಲದ ವಸ್ತು ಕಾಣದಿದ್ದರೆ ಇಲ್ಲವೆನ್ನಲಾಗದು. ಈ ಎರಡನೆಯ ಮಾತು ಅಲುಗಾಡದು. ಪ್ಲಾಸ್ಟಿಕ್ ತಟ್ಟೆ ಬಿಚ್ಚದೆ ‘ಸೋರಿಕೆ ಇಲ್ಲ’ ಎನ್ನಬಾರದು ಎಂದು ಒಪ್ಪಿದವರು ‘ಕಾಣದ್ದರಿಂದ ದೇವರಿಲ್ಲ’ ಎಂಬ ಅವಸರದ ಮಾತನ್ನೂ ಬಿಡಬೇಕಾಗುತ್ತದೆ.

ಮೊದಲನೆಯ ಮಾತಿನ ಬಲ ಬೇರೆ. ಅದನ್ನು ತಡೆದವರಲ್ಲಿ ಪರಮ ಆಸ್ತಿಕರೇ ಇದ್ದಾರೆ ಎಂಬುದು ನಮ್ಮ ಚಿಂತನೆಯ ಚರಿತ್ರೆಯ ಘನವಾದ ಸಂಗತಿ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಕೇಳುತ್ತಾರೆ: ನಾವು ಕಂಡ ಕರ್ತರೆಲ್ಲ ಶರೀರವಿರುವವರು, ಅಲ್ಪ ಶಕ್ತಿಯವರು, ಹಲವರು, ಆ ನೋಟದಿಂದ ಶರೀರವಿಲ್ಲದ, ಸರ್ವಜ್ಞನಾದ, ಒಬ್ಬನೇ ಕರ್ತ ಹೇಗೆ ಸಿದ್ಧನಾದಾನು? ಉಡುಪಿಯ ಮಧ್ವಾಚಾರ್ಯರೂ ಆಗಮದ ಆಸರೆಯಿಲ್ಲದ ಬರಿಯ ಅನುಮಾನ ಈಶ್ವರನನ್ನು ತಲುಪಲಾರದು ಎಂದರು. ಇಬ್ಬರೂ ದೇವರನ್ನು ಜೀವಕ್ಕಿಂತ ಹೆಚ್ಚಾಗಿ ನಂಬಿದವರು. ದೇವರ ಪರವಾಗಿಯೇ ಆದರೂ ದುರ್ಬಲ ಹೇತುವನ್ನು ಅವರು ಸಹಿಸಲಿಲ್ಲ.

ಅವರ ಕಡೆಗೇ ನ್ಯಾಯವಿದೆ. ಸೀಳಿದ ಗ್ಯಾಸ್ಕೆಟ್ಟನ್ನು ಬಿಚ್ಚಿ ಕೈಯಲ್ಲಿ ಹಿಡಿದವರು ಲೋಕದಲ್ಲಿ ಸಾವಿರಾರು ಮಂದಿ ಇದ್ದಾರೆ. ಹಳದಿ ಬಣ್ಣಕ್ಕೂ ಸೀಳಿಗೂ ಇರುವ ವ್ಯಾಪ್ತಿ, ಅಂದರೆ ತಪ್ಪದ ನಂಟು, ಹೀಗೆ ಕಂಡು ಕಂಡು ದುಡಿದು ಗಳಿಸಿದ್ದು. ಲೋಕವೊಂದು ನಿರ್ಮಾಣವಾಗುವುದನ್ನು ಯಾರೂ ಒಂದು ಸಲವೂ ಕಂಡಿಲ್ಲ. ಗಡಿಗೆಯಿಂದ ಜಗತ್ತಿಗೆ ಚಾಚುವಾಗ ಆ ಗಳಿಕೆಯ ಆಸರೆ ಸಿಗುವುದಿಲ್ಲ. ಶ್ರದ್ಧೆಗೆ ಬೇರೆ ಬೇರುಗಳಿರಬಹುದು, ಶ್ರುತಿ ಇರಬಹುದು, ಅನುಭವ ಇರಬಹುದು. ಅನುಮಾನದ ಹೆಸರಿನಲ್ಲಿ ಮಾತ್ರ ಅದು ಬರುವಂತಿಲ್ಲ.

ಗ್ಯಾರೇಜಿನಲ್ಲಿ ಯಾರ ಮಾತನ್ನು ನಂಬಬೇಕು ಎಂಬುದಕ್ಕೂ ನ್ಯಾಯದರ್ಶನದಲ್ಲಿ ದಾರಿ ಇದೆ. ಆಪ್ತನೆಂದರೆ ವಿಷಯವನ್ನು ತಾನೇ ಕಂಡು, ಕಂಡಂತೆ ಹೇಳಬಯಸುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ವಾತ್ಸ್ಯಾಯನ ಬರೆದ. ಜಾತಿಯಾಗಲಿ ಗೋಡೆಯ ಮೇಲಿನ ಪ್ರಮಾಣಪತ್ರವಾಗಲಿ ಆಪ್ತತ್ವವನ್ನು ಕೊಡದು. ಕೈಗೆ ಗ್ರೀಸ್ ಮೆತ್ತಿಕೊಂಡು ‘ಇಷ್ಟು ನೋಡಿದೆ, ಇದನ್ನಿನ್ನೂ ನೋಡಿಲ್ಲ’ ಎನ್ನುವ ಮೆಕ್ಯಾನಿಕ್ ಆ ಲಕ್ಷಣಕ್ಕೆ ಪೂರ್ತಿ ಸಲ್ಲುತ್ತಾನೆ.

ಇದಕ್ಕೆ ವಿರುದ್ಧವಾಗಿ, ನೋಡದೆಯೇ ನಂಬುವವನೂ ಇದ್ದಾನೆ. ಇಂಗ್ಲಿಷ್ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ 1877ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದು, ದುರಸ್ತಿ ಬೇಕೆಂದು ಅವನಿಗೆ ಗೊತ್ತು. ಇಷ್ಟು ಸಲ ಹೋಗಿಬಂದಿದೆ, ಈ ಸಲವೂ ಬರುತ್ತದೆ ಎಂದು ಮನಸ್ಸನ್ನು ಒಪ್ಪಿಸಿ ವಲಸೆ ಹೊರಟ ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಮುಳುಗದೆ ದಡ ಸೇರಿದ್ದರೂ ಅವನು ಅಷ್ಟೇ ಅಪರಾಧಿ, ಏಕೆಂದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಧರ್ಮಶ್ರದ್ಧೆಯ ಮೇಲೆ ಈ ಮಾತನ್ನು ಪೂರ್ತಿ ಹೇರಬಹುದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮೈನಸ್ 25ರ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು, ಡಬ್ಬಿಗೆ ನೀರು ತುಂಬಿಸಿ, ‘ಏನಾಗಲ್ಲ, ನಡೀರಿ’ ಎಂದು ಹೊರಡುವವರ ಮೇಲೆ ಅದು ಪೂರ್ತಿ ಸಲ್ಲುತ್ತದೆ. ಅಂಥ ಚಳಿಯಲ್ಲಿ ಕೆಟ್ಟು ನಿಂತ ಕಾರು ಬೇಗನೆ ಒಳಗೂ ಕೊರೆಯತೊಡಗುತ್ತದೆ.

ಆದ್ದರಿಂದ ಟೊರಾಂಟೊ, ಮಿನಿಯಾಪೊಲಿಸ್‌ಗಳಲ್ಲಿ ನೆಲೆಸಿರುವ, ಚಳಿಗಾಲದಲ್ಲಿ ಲೇಹ್ ಕಡೆಗೆ ಗಾಡಿ ತೆಗೆಯುವ ಕನ್ನಡಿಗರಲ್ಲಿ ಕೆಲವು ಕೋರಿಕೆಗಳು. ಚಳಿ ಶುರುವಾಗುವ ಮುನ್ನ ಕೂಲಂಟ್ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂದು ಅಳೆಯಿಸಿ. ರಿಫ್ರಾಕ್ಟೋಮೀಟರಿಗೆ ಒಂದೆರಡು ಹನಿ ಸಾಕು. ಮಟ್ಟ ಇಳಿದರೆ ಬರೀ ನೀರು ಹಾಕಬೇಡಿ, ಬೆರಕೆಯನ್ನೇ ಹಾಕಿ. ಕಾದ ಎಂಜಿನ್ನಿನ ಮುಚ್ಚಳ ತೆರೆಯಬೇಡಿ. ಚೆಲ್ಲಿದ ಕೂಲಂಟನ್ನು ಆಗಲೇ ಒರೆಸಿ, ಅದು ಸಿಹಿಯಾಗಿರುವ ವಿಷ. ನಾಯಿಗಳೂ ಮಕ್ಕಳೂ ಅದನ್ನು ನೆಕ್ಕುವುದುಂಟು. ಗ್ಯಾಸ್ಕೆಟ್ ಹೋಗಿದೆ ಎಂದು ಯಾರಾದರೂ ಹೇಳಿದರೆ ಹೆಡ್ ಬಿಚ್ಚಲು ಒಪ್ಪುವ ಮುನ್ನ ತಣ್ಣನೆಯ ಎಂಜಿನ್ನಿನ ಒತ್ತಡ ಪರೀಕ್ಷೆ, ನೀಲಿ ದ್ರವದ ಪರೀಕ್ಷೆ ಎರಡರ ಫಲಿತಾಂಶವನ್ನೂ ಕೇಳಿ ಪಡೆಯಿರಿ.